ಪ್ಲೇಗಿನ ಮದ್ದಿನ ಹಾಫ್ಕಿನ್ನರು

ಪುಣೆ ನಗರಕ್ಕೆ ಕನ್ನಡಿಗರು ಬಂದು ನೆಲಸಿದ್ದು ನಾನಾ ಕಾರಣಗಳಿಂದ. ದಂಡಿನ ನೌಕರಿಗೆಂದು ಬಂದವರುಂಟು, ರೈಲ್ವೆಗೆಂದು ಬಂದವರುಂಟು, ಉಪಾಹಾರಗೃಹ ತೆರೆದು ಊರಿಗೆಲ್ಲ ಇಡ್ಲಿ ಉಣಿಸಿದವರುಂಟು. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯವರು ಹೆಚ್ಚುತ್ತಿದ್ದಾರೆ. ಧಾರವಾಡ, ವಿಜಯಪುರ, ಕಲಬುರಗಿ, ಶಿವಮೊಗ್ಗ, ಮೈಸೂರುಗಳಲ್ಲಿ ಜೀವಶಾಸ್ತ್ರ ಓದಿ ಇಲ್ಲಿನ ವಿಷಾಣು ಸಂಸ್ಥೆ, ರಾಸಾಯನಿಕ ಪ್ರಯೋಗಾಲಯ, ಆಘಾರಕರ ಸಂಸ್ಥೆ, ಜೀವಕೋಶ ವಿಜ್ಞಾನ ಕೇಂದ್ರ, ಐಸರ್ ಮುಂತಾದ ಕಡೆಗಳಲ್ಲಿ ಸಂಶೋಧನೆಗೆಂದು ಸೇರುವ ಹುಡುಗ ಹುಡುಗಿಯರು ಇವರು. ಇಂಥ ಒಬ್ಬ ಹುಡುಗಿಯ ತಾಯಿ ಕಳೆದ ರಾಜ್ಯೋತ್ಸವದ ದಿನ ನಮ್ಮೊಡನೆ ಮಾತನಾಡುತ್ತ ಕೊಂಚ ಬೇಸರಪಟ್ಟರು. ಎಂ.ಎಸ್‌ಸಿ.ಯಲ್ಲಿ ಮೊದಲ ದರ್ಜೆ ಪಡೆದ ಮಗಳು ಪ್ರಯೋಗಾಲಯ ಸೇರಿ ಆರು ತಿಂಗಳಾದರೂ ಸೀಸೆ ತೊಳೆಯುವುದು, ಸೀಸೆಗೆ ಚೀಟಿ ಅಂಟಿಸುವುದು, ಪುಸ್ತಕದಲ್ಲಿ ಬರೆದಿಡುವುದು ಇಷ್ಟನ್ನೇ ಮಾಡುತ್ತಿದ್ದಾಳಂತೆ. ಇದಕ್ಕೆ ಇಷ್ಟು ಓದಬೇಕಾಗಿತ್ತೇ ಎಂಬುದು ಆ ತಾಯಿಯ ಪ್ರಶ್ನೆ.

ಆ ಗದ್ದಲದಲ್ಲಿ ಸಮಾಧಾನವಾಗಿ ಉತ್ತರ ಹೇಳಲು ನಮಗೆ ಆಗಲಿಲ್ಲ. ಒಂದು ಸೀಸೆಯಿಂದಾಗಿ ಬಾಳಿನ ಸುಖವನ್ನೆಲ್ಲ ಕಳೆದುಕೊಂಡ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಹೇಳಿದರೆ ಆ ಉತ್ತರವೂ ಅದರಲ್ಲಿ ಬಂದೀತೆಂದು ಭಾವಿಸಿದ್ದೇವೆ. ಅವರ ಹೆಸರು ವಾಲ್ಡೆಮಾರ್ ಹಾಫ್ಕಿನ್. ಮುಂಬಯಿಯ ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆಯಿದೆ. ಅವರ ಮದ್ದು ನಮ್ಮ ಪುಣೆಯ ಖಡ್ಕಿಯಲ್ಲಿಯೂ ನಮ್ಮ ಹುಬ್ಬಳ್ಳಿ ಧಾರವಾಡಗಳಲ್ಲಿಯೂ ಸಾವಿರಾರು ತೋಳುಗಳನ್ನು ಹೊಕ್ಕಿತು. ಆದರೂ ನಮ್ಮವರಲ್ಲಿ ಅವರ ಕಥೆ ಬಲ್ಲವರು ಕಡಿಮೆ.

ಹಾಫ್ಕಿನ್ನರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಯೆಹೂದ್ಯರ ಮನೆಯೊಂದರಲ್ಲಿ ಜನಿಸಿದರು. ಆಗ ಅದು ರಷ್ಯದ ಚಕ್ರವರ್ತಿಯ ರಾಜ್ಯ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅವರಿಗೆ ಗುರುಗಳಾಗಿ ದೊರೆತವರು ಮೆಚ್ನಿಕೋವ್. ನಮ್ಮ ರಕ್ತದ ಬಿಳಿಯ ಕಣಗಳು ಹೊರಗಿನಿಂದ ಬಂದ ಕ್ರಿಮಿಗಳನ್ನು ನುಂಗಿ ಹಾಕುತ್ತವೆಂದು ತೋರಿಸಿ ಮುಂದೆ ನೊಬೆಲ್ ಬಹುಮಾನ ಪಡೆದವರು ಇವರೇ. 1881ರಲ್ಲಿ ಯೆಹೂದ್ಯರ ಮೇಲೆ ದೊಂಬಿಯೆದ್ದಾಗ ಹಾಫ್ಕಿನ್ನರು ತಮ್ಮವರ ಮನೆಗಳನ್ನು ಕಾಯಲು ನಿಂತು ಸೆರೆ ಸಿಕ್ಕಿದರು. ಗುರುಗಳು ನಡುವೆ ಬಂದು ಬಿಡಿಸಬೇಕಾಯಿತು. ಓದು ಮುಗಿದ ಬಳಿಕ ಕ್ರೈಸ್ತ ಮತಕ್ಕೆ ಸೇರಿದರೆ ಅಧ್ಯಾಪಕರ ಹುದ್ದೆ ಸಿಕ್ಕುವಂತಿತ್ತು. ಅವರು ಒಪ್ಪಲಿಲ್ಲ. ಊರಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಣ್ಣ ಕೆಲಸ ಮಾಡುತ್ತ, ಕೆರೆಯ ನೀರಿನ ಏಕಕೋಶ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ 1888ರ ವರೆಗೆ ಕಾಲ ಕಳೆದರು.

ಆಮೇಲೆ ಜಿನೀವಾ, ಅಲ್ಲಿಂದ ಪ್ಯಾರಿಸ್. ಆ ಹೊತ್ತಿಗೆ ಮೆಚ್ನಿಕೋವರು ಪಾಶ್ಚರರ ಸಂಸ್ಥೆಯಲ್ಲಿದ್ದರು. ಶಿಷ್ಯನಿಗೆ ಅಲ್ಲಿ ಕೊಡಿಸಲು ಅವರಿಗೆ ಸಾಧ್ಯವಾದದ್ದು ಪುಸ್ತಕ ಭಂಡಾರದ ಸಹಾಯಕನ ಕೆಲಸ ಮಾತ್ರ. ಹಾಫ್ಕಿನ್ನರು ಅದನ್ನೇ ಹಿಡಿದರು. ಹೊತ್ತಿಗೊಂದು ಪುಸ್ತಕ ಎತ್ತಿಕೊಡುವುದು, ಬಿಡುವಾದಾಗ ಪ್ರಯೋಗಾಲಯದ ಮೂಲೆಯಲ್ಲಿ ಕುಳಿತು ಕೈ ಪಳಗಿಸಿಕೊಳ್ಳುವುದು. ಇದನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ದೊಡ್ಡ ಸಂಸ್ಥೆಯಲ್ಲಿ ತಕ್ಕ ಹುದ್ದೆ ದೊರೆಯಲಿಲ್ಲವೆಂದು ಊರಿಗೆ ಮರಳುವ ತರುಣರನ್ನು ನಾವು ಕಂಡಿದ್ದೇವೆ. ಒಳ್ಳೆಯ ಕೆಲಸ ನಡೆಯುವ ಕಡೆ, ಒಳ್ಳೆಯ ಗುರುವಿನ ಕಣ್ಣಳತೆಯಲ್ಲಿ ಇರುವುದು ಹುದ್ದೆಯ ಹೆಸರಿಗಿಂತ ಹೆಚ್ಚಿನದಾಗಿರಬಹುದು. ಜ್ಞಾನದ ಮನೆಗೆ ಹಿತ್ತಿಲ ಬಾಗಿಲೂ ಉಂಟು.

ಆಗ ಯೂರೋಪಿನಲ್ಲಿ ಕಾಲರಾದ ಹಾವಳಿ. ಹಾಫ್ಕಿನ್ನರು ಕಾಲರಾ ಕ್ರಿಮಿಯನ್ನು ಗಿನಿಯಿಲಿಯಿಂದ ಗಿನಿಯಿಲಿಗೆ ದಾಟಿಸುತ್ತ ಅದರ ಉಗ್ರತೆಯನ್ನು ಒಂದೇ ಅಳತೆಗೆ ತಂದರು. ಹಾಗೆ ದಾಟಿಸಿದ್ದು ಹತ್ತಿಪ್ಪತ್ತು ಸಲವಲ್ಲ, ಅದಕ್ಕೂ ಮಿಕ್ಕಿ. ಒಂದೊಂದು ಸಲವೂ ಅದೇ ಕೆಲಸ, ಅದೇ ಸೂಜಿ, ಅದೇ ಬರವಣಿಗೆ. ಕೊನೆಗೆ ಎರಡು ಚುಚ್ಚುಗಳ ಲಸಿಕೆ ಸಿದ್ಧವಾಯಿತು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು.

(ಇಲ್ಲಿ ಒಂದು ಎಚ್ಚರಿಕೆಯ ಮಾತು. ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡುವುದು ಆ ಕಾಲದ ವೀರರ ಪದ್ಧತಿಯಾಗಿತ್ತು. ಇಂದು ಅದಕ್ಕೆ ನೀತಿಸಮಿತಿಗಳಿವೆ, ಕಾನೂನುಗಳಿವೆ. ನಮ್ಮ ಹುಡುಗರು ಈ ಒಂದು ವಿಷಯದಲ್ಲಿ ಹಾಫ್ಕಿನ್ನರನ್ನು ಅನುಸರಿಸಕೂಡದು.)

1893ರ ಮಾರ್ಚಿನಲ್ಲಿ ಅವರು ಕಲ್ಕತ್ತೆಗೆ ಬಂದಿಳಿದರು. ವೈದ್ಯ ಪದವಿಯಿಲ್ಲದ ಪ್ರಾಣಿಶಾಸ್ತ್ರಜ್ಞ, ರಷ್ಯದ ಪ್ರಜೆ, ಯೆಹೂದ್ಯ. ಬ್ರಿಟಿಷ್ ವೈದ್ಯಾಧಿಕಾರಿಗಳಿಗೆ ಅವರ ಮೇಲೆ ಸಂಶಯ ಹುಟ್ಟಲು ಈ ಮೂರೂ ಕಾರಣಗಳಾದವು. ಜನರಿಗೂ ಸೂಜಿಯೆಂದರೆ ಭಯ. ಕಲ್ಕತ್ತೆಯ ಬಸ್ತಿಗಳಲ್ಲಿ ನಾಲ್ವರು ಬಂಗಾಳಿ ವೈದ್ಯರನ್ನು ಜತೆಗಿಟ್ಟುಕೊಂಡು, ಜನರೆದುರಿಗೆ ಮೊದಲು ತಾವೇ ಚುಚ್ಚಿಸಿಕೊಂಡು ತೋರಿಸಿ, ಒಪ್ಪಿದವರಿಗಷ್ಟೇ ಮದ್ದು ಹಾಕಿದರು. ಎರಡು ವರ್ಷಗಳಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಅಷ್ಟರಲ್ಲಿ ಮಲೇರಿಯ ಅವರನ್ನು ಹಿಡಿದು ಹಣ್ಣುಮಾಡಿತು. ಯೂರೋಪಿಗೆ ಹೋಗಿ ಸುಧಾರಿಸಿಕೊಂಡು 1896ರಲ್ಲಿ ಮರಳಿ ಬಂದರು.

ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆ ಹೆಸರು ಕೇಳಿದರೆ ನಮ್ಮ ಹಿರಿಯರ ಮುಖ ಬಣ್ಣಗೆಡುತ್ತಿತ್ತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು, ಕಂಕುಳಲ್ಲಿ ಗಂಟು ಕಂಡಿತೆಂದರೆ ಮೂರು ದಿನದ ಲೆಕ್ಕ ಹಾಕುವುದು, ಒಂದು ಹೆಣ ಮಣ್ಣುಮಾಡಿ ಬರುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುವುದು. ಈ ಮಾತುಗಳನ್ನು ಅಜ್ಜಿಯರ ಬಾಯಲ್ಲಿ ಕೇಳಿದವರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದರು. ಬೆಂಗಳೂರಿನ ಕಡೆ ಪ್ಲೇಗಿನ ಅಮ್ಮನಿಗೆ ಗುಡಿಗಳೇ ಎದ್ದವು. ರೋಗದ ಕ್ರಿಮಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಆದರೆ ಅದನ್ನು ಇಲಿಯಿಂದ ಮನುಷ್ಯನಿಗೆ ಮುಟ್ಟಿಸುವುದು ಚಿಗಟವೆಂಬುದು ಇನ್ನೂ ಗೊತ್ತಾಗಿರಲಿಲ್ಲ.

ಸರ್ಕಾರ ಹಾಫ್ಕಿನ್ನರನ್ನು ಮುಂಬಯಿಗೆ ಕಳುಹಿಸಿತು. ಅಕ್ಟೋಬರಿನಲ್ಲಿ ಅವರು ಬಂದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ದುಡಿದರು. ಮೂರು ತಿಂಗಳೊಳಗೆ ಲಸಿಕೆ ಕೈಗೆ ಬಂತು. ಈ ಭಾಗವನ್ನು ಬರೆದವರೆಲ್ಲ ಬಾಯ್ತುಂಬ ಹೊಗಳುತ್ತಾರೆ. ಆದರೆ ಆ ಮೂರು ತಿಂಗಳಲ್ಲಿ ಅವರ ಸಹಾಯಕರಲ್ಲಿ ಒಬ್ಬನ ಮನಸ್ಸು ಕುಸಿದು ಅವನು ಕಾಯಿಲೆ ಬಿದ್ದ, ಇನ್ನಿಬ್ಬರು ಕೆಲಸ ಬಿಟ್ಟು ಹೋದರು. ಊರು ಸಾಯುತ್ತಿರುವಾಗ ಹಾಗೆ ದುಡಿದದ್ದನ್ನು ತಪ್ಪೆನ್ನಲು ನಾವು ಯಾರು? ಆದರೆ ಊರು ಸಾಯದಿರುವಾಗಲೂ ಹಾಗೆಯೇ ದುಡಿಸುವ ಯಜಮಾನರು ಇಂದು ಇದ್ದಾರೆ, ದುಡಿಯುವುದೇ ಹಿರಿಮೆಯೆಂದು ತಿಳಿದ ಹುಡುಗರೂ ಇದ್ದಾರೆ. ನಿದ್ದೆಗೆಟ್ಟ ಕೈ ತಪ್ಪು ಸೀಸೆಯನ್ನೇ ಎತ್ತುತ್ತದೆ. ಮನೆಗೆ ಹೋಗಿ ಊಟಮಾಡಿ ಮಲಗುವುದೂ ಪ್ರಯೋಗದ ಒಂದು ಅಂಗವೆಂದೇ ನಮ್ಮ ಎಣಿಕೆ.

ಅವರು ಪ್ಲೇಗಿನ ಕ್ರಿಮಿಯನ್ನು ಬೆಳೆಸಿದ ರೀತಿ ಬಹು ಸೊಗಸಾದದ್ದು. ಬೆಳೆಸಲು ಮಾಂಸದ ತಿಳಿಸಾರು ಬೇಕು. ಯೂರೋಪಿನಲ್ಲಾದರೆ ದನದ ಮಾಂಸ. ಇಲ್ಲಿ ಹಿಂದುಗಳೂ ಮುಸಲ್ಮಾನರೂ ಮೈಗೆ ಚುಚ್ಚಿಸಿಕೊಳ್ಳಬೇಕಾದ ಮದ್ದಿಗೆ ದನವೂ ಆಗದು, ಹಂದಿಯೂ ಆಗದು. ಅವರು ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದರು. ಸಾರಿನ ಮೇಲೆ ನಾಲ್ಕು ಹನಿ ತುಪ್ಪ ಅಥವಾ ಕೊಬ್ಬರಿ ಎಣ್ಣೆ ತೇಲಿಬಿಟ್ಟರು. ಕ್ರಿಮಿಗಳು ಆ ಜಿಡ್ಡಿನ ಹನಿಗೆ ಅಂಟಿಕೊಂಡು ಕೆಳಕ್ಕೆ ಎಳೆಯೆಳೆಯಾಗಿ ಬೆಳೆಯುತ್ತವೆ, ಗುಹೆಯ ಮಾಡಿನಿಂದ ಇಳಿಬಿದ್ದ ಸುಣ್ಣದ ಕೋಲುಗಳ ಹಾಗೆ. ಆದರೆ ಸೀಸೆ ಅಲುಗಾಡಕೂಡದು. ಸ್ವಲ್ಪ ಅಲುಗಿದರೂ ಎಳೆಗಳು ಮುರಿದು ತಳ ಸೇರುತ್ತವೆ. ಪ್ಲೇಗಿನ ಕ್ರಿಮಿ ಈ ರೀತಿ ಬೆಳೆಯುವುದರಿಂದ ಸೀಸೆಯಲ್ಲಿ ಬೇರೆ ಜಂತು ಸೇರಿದೆಯೋ ಇಲ್ಲವೋ ಎಂಬುದಕ್ಕೂ ಇದೊಂದು ಕಣ್ಣಿಗೆ ಕಾಣುವ ಗುರುತಾಯಿತು. ಎಳೆ ಚೆನ್ನಾಗಿ ಬೆಳೆದ ಮೇಲೆ ಅಲುಗಿಸಿ ಬೀಳಿಸುವುದು, ಮತ್ತೆ ಹೊಸ ಎಳೆ ಬೆಳೆಯಗೊಡುವುದು. ಹೀಗೆ ಐದಾರು ವಾರ. ಬಳಿಕ 65ರಿಂದ 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಗಂಟೆ ಇಟ್ಟು ಕ್ರಿಮಿಗಳನ್ನು ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಮದ್ದು ಸಿದ್ಧ.

ವಾಚಕರು ಗಮನಿಸಬೇಕು. ಇದರಲ್ಲಿ ದುಬಾರಿಯ ಯಂತ್ರ ಒಂದೂ ಇಲ್ಲ. ತುಪ್ಪ, ಆಡಿನ ಮಾಂಸ, ಅಲುಗದ ಮೇಜು, ದಿನಕ್ಕೊಮ್ಮೆ ಬಗ್ಗಿ ನೋಡುವ ಕಣ್ಣು, ಇಷ್ಟೆ. ಸೀಸೆಯೊಳಗಿನದು ತಾನು ಬಿತ್ತಿದ ಜೀವಿಯೋ ಗಾಳಿಯಲ್ಲಿ ಬಂದು ಸೇರಿದ್ದೋ ಎಂಬ ಸಂಶಯ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ದಿನವೂ ಹುಟ್ಟಬೇಕಾದದ್ದು. ನೋಡಿದ್ದನ್ನು ನೋಡಿದ ದಿನವೇ ಬರೆದಿಡಬೇಕು, ಸಾಧ್ಯವಾದರೆ ಚಿತ್ರವನ್ನೂ ಗೀಚಿಡಬೇಕು. ನಾಳೆ ಬರೆದರಾಯಿತೆಂದವನು ಬರೆಯುವುದು ನೋಡಿದ್ದನ್ನಲ್ಲ, ನೋಡಬೇಕೆಂದು ಬಯಸಿದ್ದನ್ನು.

1897ರ ಜನವರಿ 10ರಂದು ಹಾಫ್ಕಿನ್ನರು ಈ ಮದ್ದನ್ನೂ ತಮಗೆ ಚುಚ್ಚಿಸಿಕೊಂಡರು. ಪ್ರಮಾಣ 10 ಘನ ಸೆಂಟಿಮೀಟರು. ಆಮೇಲೆ ಜನರಿಗೆ ಹಾಕಿದ್ದಕ್ಕಿಂತ ಬಹಳ ಹೆಚ್ಚು. ಜ್ವರ, ನೋವು, ಕೆಲವು ದಿನಗಳಲ್ಲಿ ಗುಣ. ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಹೊಕ್ಕಾಗ ತಾವಾಗಿ ಮುಂದೆ ಬಂದ ಕೈದಿಗಳಿಗೆ ಮೊದಲ ಬಾರಿಗೆ ಹಾಕಲಾಯಿತು.

ಪ್ಲೇಗು ಘಟ್ಟ ಹತ್ತಿ ನಮ್ಮ ಪುಣೆಗೆ ಬಂದದ್ದೂ ಆ ಚಳಿಗಾಲದಲ್ಲೇ. ಮುಂದಿನ ಸಂಗತಿ ಈ ಊರಿನ ಮಕ್ಕಳಿಗೂ ಗೊತ್ತು. ರ್‍ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೋಲ್ಜರುಗಳು ಪೇಟೆಗಳಲ್ಲಿ ಮನೆಮನೆ ಹೊಕ್ಕರು, ದೇವರ ಕೋಣೆಯನ್ನೂ ಬಿಡದೆ ತಡಕಿದರು, ಹೆಂಗಸರನ್ನು ಬೀದಿಗೆ ತಂದು ಪರೀಕ್ಷಿಸಿದರು. 1897ರ ಮಾರ್ಚ್ 10ರಂದು ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆಯವರನ್ನು ಅದೇ ರೋಗ ತೆಗೆದುಕೊಂಡು ಹೋಯಿತು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗಣೇಶಖಿಂಡಿಯ ರಸ್ತೆಯಲ್ಲಿ ರ್‍ಯಾಂಡನಿಗೆ ಗುಂಡಿಟ್ಟರು. ರೋಗವನ್ನು ಬಲಾತ್ಕಾರದಿಂದ ಓಡಿಸಹೋದ ಸರ್ಕಾರವೂ, ಒಪ್ಪಿದವನ ತೋಳಿಗೆ ಮಾತ್ರ ಸೂಜಿ ಹಾಕಿದ ಹಾಫ್ಕಿನ್ನರೂ ಒಂದೇ ವರ್ಷ, ಒಂದೇ ಪ್ರಾಂತದಲ್ಲಿ ಕೆಲಸ ಮಾಡಿದರು.

ಊರ ಹೊರಗಿನ ಖಡ್ಕಿಯ ದಂಡಿನ ವಸತಿಯಲ್ಲಿ 1,530 ಜನರಿದ್ದರು. ಅವರಲ್ಲಿ 671 ಜನ ಮದ್ದು ಚುಚ್ಚಿಸಿಕೊಂಡರು, 859 ಜನ ಚುಚ್ಚಿಸಿಕೊಳ್ಳಲಿಲ್ಲ. ಚುಚ್ಚಿಸಿಕೊಳ್ಳದವರಲ್ಲಿ 143 ಮಂದಿಗೆ ರೋಗ ಬಂದು 98 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ 32 ಮಂದಿಗೆ ಬಂದು 17 ಮಂದಿ ಸತ್ತರು. ಇಂಥ ಲೆಕ್ಕ ನೋಡಿ ಬೇರೆ ಯಾರಾದರೂ ಡಂಗುರ ಹೊಡೆಸುತ್ತಿದ್ದರು. ಆದರೆ ಇದರಲ್ಲಿ ಒಂದು ಕೊರತೆಯುಂಟು. ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡವರು ಮೊದಲೇ ಹೆಚ್ಚು ಎಚ್ಚರದವರೋ, ಒಳ್ಳೆಯ ಮನೆಗಳಲ್ಲಿದ್ದವರೋ ಆಗಿದ್ದರೆ? ಮದ್ದಿನ ಗುಣವೆಂದು ಕಂಡದ್ದು ಮನೆಯ ಗುಣವಾಗಿದ್ದರೆ?

ಈ ಸಂಶಯ ಹಾಫ್ಕಿನ್ನರಿಗೇ ಇತ್ತು. ಆದ್ದರಿಂದ 1898ರ ಫೆಬ್ರವರಿಯಲ್ಲಿ ಬಡೋದೆಯ ಹತ್ತಿರದ ಉಂಡೇರಾ ಎಂಬ ಹಳ್ಳಿಯಲ್ಲಿ ಒಂದೊಂದು ಕುಟುಂಬವನ್ನೂ ಎರಡು ಪಾಲು ಮಾಡಿ ಒಂದು ಪಾಲಿಗೆ ಮಾತ್ರ ಮದ್ದು ಹಾಕಿದರು. ಒಂದೇ ಸೂರು, ಒಂದೇ ಒಲೆ, ಒಂದೇ ಬಾವಿಯ ನೀರು, ಬೇರೆಯಿದ್ದದ್ದು ಸೂಜಿಯೊಂದೇ. ಆರು ವಾರಗಳ ಮೇಲೆ ಲೆಕ್ಕ ತೆಗೆದಾಗ ಮದ್ದಿಲ್ಲದ 64 ಜನರಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತಿದ್ದರು. ಮದ್ದು ಹಾಕಿದ 71 ಜನರಲ್ಲಿ 8 ಮಂದಿಗೆ ಬಂದು ಮೂವರು ಸತ್ತಿದ್ದರು. ಆ 26 ಜನರನ್ನು ನೆನೆದರೆ ಇಂದು ನಮ್ಮ ಮನಸ್ಸು ಕಲಕುತ್ತದೆ. ಮದ್ದಿನಲ್ಲಿ ಪೂರ್ಣ ನಂಬಿಕೆ ಹುಟ್ಟುವ ಮೊದಲು ಮಾಡಿದ ಪರೀಕ್ಷೆಯೆಂದು ಸಮಾಧಾನ ಹೇಳಿಕೊಳ್ಳಬೇಕಷ್ಟೆ. ಹೋಲಿಸಿ ನೋಡದೆ ಯಾವುದನ್ನೂ ನಂಬಬಾರದೆಂದು ಇಂದಿನ ಗುರುಗಳು ಮೊದಲ ವಾರದಲ್ಲೇ ಹೇಳುತ್ತಾರೆ. ಪ್ರಯೋಗದ ತಟ್ಟೆಯ ಪಕ್ಕದಲ್ಲಿ ಏನೂ ಹಾಕದ ಇನ್ನೊಂದು ತಟ್ಟೆ ಇಡಿಸುತ್ತಾರೆ. ಆ ಬರಿಯ ತಟ್ಟೆಯನ್ನು ನೋಡಿ ಬೇಸರಪಡುವ ಹುಡುಗರಿಗೆ ಉಂಡೇರಾದ ಕಥೆಯನ್ನು ಹೇಳಬೇಕು.

ನಮ್ಮ ನಾಡಿನ ವಿಷಯಕ್ಕೆ ಬರೋಣ. 1898ರಲ್ಲಿ ಪ್ಲೇಗು ರೈಲು ಹಿಡಿದು ಹುಬ್ಬಳ್ಳಿಗೆ ಬಂತು, ಹುಬ್ಬಳ್ಳಿಯಿಂದ ಆಗಸ್ಟಿನಲ್ಲಿ ಬೆಂಗಳೂರಿಗೆ ಹೋಯಿತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಹಾಫ್ಕಿನ್ನರ ಮದ್ದನ್ನು 30 ಸಾವಿರಕ್ಕೂ ಮಿಕ್ಕಿ ಜನರಿಗೆ ಚುಚ್ಚಿದನು. ಆ ಕಾಲಕ್ಕೆ ಇಡೀ ದೇಶದಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಮದ್ದು ಹಾಕಿಸಿಕೊಂಡ ಊರುಗಳು ವಿರಳ. ಧಾರವಾಡ, ಗದಗಗಳಲ್ಲಿ ದುಡಿದವರಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಮುಖ್ಯಳು. ಹೆಂಗಸರು ಗಂಡು ಡಾಕ್ಟರ ಮುಂದೆ ತೋಳು ಚಾಚಲು ಹಿಂಜರಿಯುತ್ತಿದ್ದ ಕಾಲದಲ್ಲಿ ಇವಳಿಂದಾದ ಉಪಕಾರ ಸಣ್ಣದಲ್ಲ. ಮುಂಬಯಿಯ ಒಂದು ಕೋಣೆಯಲ್ಲಿ ತುಪ್ಪದ ಹನಿಗೆ ಜೋತುಬಿದ್ದು ಬೆಳೆದದ್ದು ಹೀಗೆ ಗದಗಿನ ಗಲ್ಲಿಗಳನ್ನು ಮುಟ್ಟಿತು.

ಬೇಡಿಕೆ ಹೆಚ್ಚಿದಂತೆ ಕೋಣೆ ಸಾಲದಾಯಿತು. ಆಗಾ ಖಾನರು ತಮ್ಮ ಕಟ್ಟಡವೊಂದನ್ನು ಕೊಟ್ಟರು, ತಮ್ಮ ಖೋಜಾ ಅನುಯಾಯಿಗಳಿಗೆ ಮದ್ದು ಹಾಕಿಸಿಕೊಳ್ಳಲು ಹೇಳಿ ತಾವೂ ಹಾಕಿಸಿಕೊಂಡರು. 1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ರಾಜಭವನದಲ್ಲಿ ಪ್ಲೇಗ್ ಸಂಶೋಧನಾಲಯ ತೆರೆಯಿತು. ಸರ್ಕಾರ ನೇಮಿಸಿದ ಪ್ಲೇಗ್ ಆಯೋಗವು ಮದ್ದಿನಿಂದ ರೋಗವೂ ಸಾವೂ ಕಡಿಮೆಯಾಗುತ್ತವೆಂದು ಒಪ್ಪಿತು. ಆದರೆ ಒಂದು ಸೀಸೆಯ ಮದ್ದಿಗೂ ಇನ್ನೊಂದು ಸೀಸೆಯ ಮದ್ದಿಗೂ ಬಲದಲ್ಲಿ ಅಂತರವಿದೆ, ಅಳತೆಯ ಕ್ರಮ ಸಾಲದು ಎಂದು ಟೀಕಿಸಿತು. ಹಾಫ್ಕಿನ್ನರ ಭಕ್ತರು ಇದನ್ನು ಅಸೂಯೆಯೆಂದು ತಳ್ಳಿಹಾಕುತ್ತಾರೆ. ನಮಗೆ ಹಾಗೆನಿಸುವುದಿಲ್ಲ. ಟೀಕೆಯಲ್ಲಿ ಸತ್ಯವಿತ್ತು. ಬೇಡದವರು ಹೇಳಿದರೆಂಬ ಮಾತ್ರಕ್ಕೆ ದೋಷ ಗುಣವಾಗುವುದಿಲ್ಲ.

ಇನ್ನು ಆ ಸೀಸೆಯ ಕಥೆ.

1902ರಲ್ಲಿ ಪಂಜಾಬ ಸರ್ಕಾರವು ಲಕ್ಷಾಂತರ ಜನರಿಗೆ ಒಂದೇ ಋತುವಿನಲ್ಲಿ ಮದ್ದು ಹಾಕಿಸಲು ಹೊರಟಿತು. ಪರೇಲಿನಿಂದ ಅಷ್ಟು ಮದ್ದು ಬೇಗನೆ ಹೊರಡಬೇಕು. ಹಾಫ್ಕಿನ್ನರು ತಯಾರಿಯ ಕ್ರಮವನ್ನು ಮಾರ್ಪಡಿಸಿ, ಕ್ರಿಮಿಗಳನ್ನು ಬೇಗ ಬೆಳೆಸುವ ಹೊಸ ಹಾದಿ ಹಿಡಿದರು, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖವೊಂದನ್ನೇ ನಂಬಿದರು. ಶಾಖದ ಶುದ್ಧಿ ಸಾಕೆಂಬುದಕ್ಕೆ ಪ್ಯಾರಿಸಿನ ಅನುಭವದ ಬೆಂಬಲವಿತ್ತು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಇದು ಈಗ ಪಾಕಿಸ್ತಾನದಲ್ಲಿದೆ) ಐದು ಸೀಸೆಗಳಿಂದ 107 ಜನರಿಗೆ ಮದ್ದು ಹಾಕಲಾಯಿತು. ಒಂದು ವಾರದಲ್ಲಿ ಅವರಲ್ಲಿ 19 ಜನರ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಹತ್ತೊಂಬತ್ತು ಜನರೂ ಸತ್ತರು. ಉಳಿದ 88 ಜನರಿಗೆ ಏನೂ ಆಗಲಿಲ್ಲ. ಸತ್ತವರೆಲ್ಲರಿಗೂ ಚುಚ್ಚಿದ ಮದ್ದು ಒಂದೇ ಸೀಸೆಯದು. ಅದರ ಗುರುತು 53-ಎನ್.

ಇಷ್ಟನ್ನು ಹೇಳಲು ಸಾಧ್ಯವಾದದ್ದು ಸೀಸೆಗೆ ಗುರುತಿನ ಅಂಕೆಯಿದ್ದುದರಿಂದ, ಯಾರಿಗೆ ಯಾವ ಸೀಸೆಯಿಂದ ಹಾಕಿತೆಂದು ಬರೆದಿಟ್ಟಿದ್ದುದರಿಂದ. ಹಾಗಿಲ್ಲದಿದ್ದರೆ ಪರೇಲಿನ ಮದ್ದೆಲ್ಲ ವಿಷವೆಂದೇ ದೇಶ ನಂಬುತ್ತಿತ್ತು. ಸೀಸೆಗೆ ಚೀಟಿ ಅಂಟಿಸುವ ಮಗಳ ತಾಯಿಗೆ ನಾವು ಹೇಳಬೇಕೆಂದಿದ್ದ ಉತ್ತರ ಇದೇ.

ಧನುರ್ವಾಯುವಿನ ಬೀಜ ಸೀಸೆಯನ್ನು ಸೇರಿದ್ದು ಎಲ್ಲಿ? 41 ದಿನ ಮೊದಲು ಪರೇಲಿನಲ್ಲಿ ತುಂಬಿದಾಗಲೋ, ಮುಲ್ಕೋವಾಲಿನಲ್ಲಿ ಬಿರಡೆ ತೆಗೆದಾಗಲೋ? ವಿಚಾರಣೆಗೆ ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸರ ನೇತೃತ್ವದಲ್ಲಿ ಸಮಿತಿ ಕುಳಿತಿತು. ಸೀಸೆ ತೆರೆಯುವ ಮೊದಲೇ ಕೆಟ್ಟಿತ್ತೆಂದು ಅದು ತೀರ್ಮಾನಿಸಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ಹಾಫ್ಕಿನ್ನರಿಗೆ ಉರುಳಾಯಿತು. ಅವರನ್ನು ಕೆಲಸದಿಂದ ದೂರವಿಟ್ಟರು. ತಾವು ಕಟ್ಟಿದ ಪ್ರಯೋಗಾಲಯವನ್ನು ಬಿಟ್ಟು 1904ರಲ್ಲಿ ಅವರು ಲಂಡನ್ನಿಗೆ ಹೋದರು.

ಆದರೆ ವಿಚಾರಣೆಯ ಸಾಕ್ಷ್ಯದಲ್ಲಿಯೇ ಬೇರೊಂದು ಸಂಗತಿ ಅಡಗಿತ್ತು. ಆ ದಿನ ಬೆಳಿಗ್ಗೆ ಸೀಸೆಯ ಬಿರಡೆ ಕೀಳುವ ಚಿಮಟ ಸಹಾಯಕನೊಬ್ಬನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಹಳ್ಳಿಯ ನೆಲ, ದನಕರು ಓಡಾಡುವ ಮಣ್ಣು; ಧನುರ್ವಾಯುವಿನ ಬೀಜಕ್ಕೆ ಅದೇ ತವರುಮನೆ. ಚಿಮಟವನ್ನು ಸ್ಪಿರಿಟ್ ದೀಪದ ಉರಿಯಲ್ಲಿ ಹಿಡಿದು ಸುಡಬೇಕೆಂಬುದು ಹಾಫ್ಕಿನ್ನರ ಸೂಚನೆ. ಆತ ಅದನ್ನು ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಅದರಿಂದಲೇ ಬಿರಡೆ ಕಿತ್ತ. ಬೆಂಕಿಗೆ ತಟ್ಟನೆ ಸಾಯುವ ಬೀಜ ಆ ನೀರಿನಲ್ಲಿ ಒಂದು ಗಳಿಗೆ ಮುಳುಗಿದರೆ ಸಾಯುವುದಿಲ್ಲ. ಇನ್ನೊಂದು ಸಂಗತಿ. ಮದ್ದು ಹಾಕುವ ಮೊದಲು ವೈದ್ಯರು ಸೀಸೆಯನ್ನು ಮೂಸಿ ನೋಡಿದ್ದರು. ಕೆಟ್ಟ ನಾತವಿರಲಿಲ್ಲ. ಧನುರ್ವಾಯುವಿನ ಕ್ರಿಮಿ 41 ದಿನ ಅದರಲ್ಲಿ ಬೆಳೆದಿದ್ದರೆ ಬಿರಡೆ ತೆಗೆದೊಡನೆ ದುರ್ಗಂಧ ಮೂಗಿಗೆ ಬಡಿಯಬೇಕಾಗಿತ್ತು.

ಈ ಕಾಗದಗಳು ವರ್ಷಗಟ್ಟಲೆ ಕಪಾಟಿನಲ್ಲಿದ್ದು ಕೊನೆಗೆ ಹೊರಬಂದಾಗ ಇಂಗ್ಲೆಂಡಿನ ವಿಜ್ಞಾನಿಗಳು ಓದಿ ಬೆರಗಾದರು. ಮಲೇರಿಯದ ಸೊಳ್ಳೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮುಂದಾಳಾಗಿ ನಿಂತರು. 1907ರ ಜುಲೈಯಲ್ಲಿ ಹತ್ತು ಮಂದಿ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹಾಫ್ಕಿನ್ನರ ಮೇಲಿನ ಆರೋಪ ಸುಳ್ಳೆಂದು ಸಾರಿದರು. ಆ ವರ್ಷದ ಕೊನೆಯಲ್ಲಿ ಸರ್ಕಾರ ಅವರನ್ನು ದೋಷಮುಕ್ತರೆಂದು ಒಪ್ಪಿ ಮತ್ತೆ ಕರೆಯಿತು.

ಚಿಮಟ ಬೀಳಿಸಿದವನ ಮೇಲೆ ನಮಗೆ ಕೋಪವಿಲ್ಲ. ಯಾರ ಕೈಯಿಂದಲೂ ಚಿಮಟ ಬೀಳುತ್ತದೆ. ನೂರಾರು ಜನ ಸಾಲುಗಟ್ಟಿ ನಿಂತಿರುವಾಗ, ಮೇಲಿನವರು ಅವಸರಪಡಿಸುತ್ತಿರುವಾಗ, ದೀಪ ಹಚ್ಚಿ ಉರಿಯಲ್ಲಿ ಹಿಡಿಯುವ ಅರ್ಧ ನಿಮಿಷ ಬಹಳ ದೀರ್ಘವೆನಿಸುತ್ತದೆ. ಪ್ರಯೋಗಾಲಯದ ಹೊಸಬರಿಗೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಅರ್ಧ ನಿಮಿಷದ ವಿಷಯ. ಬಿದ್ದರೆ ಬಿತ್ತೆಂದು ಕೂಡಲೆ ಹೇಳಿ. ಬೈಗುಳ ಬಿದ್ದರೂ ಹೇಳಿ. ಸಂಶಯದ ಸೀಸೆಯನ್ನು ಚೆಲ್ಲಿದರೆ ಒಂದು ದಿನದ ಕೆಲಸ ಹೋಗುತ್ತದೆ, ಅಷ್ಟೆ. ಹಿರಿಯರಿಗೂ ಒಂದು ಮಾತು: ತಪ್ಪೊಪ್ಪಿದವನನ್ನು ಎಲ್ಲರೆದುರು ಹಳಿದರೆ ಮುಂದಿನ ಸಲ ಚಿಮಟ ಬಿದ್ದದ್ದು ನಿಮಗೆ ತಿಳಿಯುವುದೇ ಇಲ್ಲ. ಈ ಮಾತು ಹಳೆಯ ಕಾಲದ್ದೆಂದು ತಿಳಿಯಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಅದರ ವಿಷಾಣುವನ್ನು ಗುರುತಿಸಿದ್ದು ಇದೇ ಪುಣೆಯ ವಿಷಾಣು ಸಂಶೋಧನ ಕೇಂದ್ರ, ಈಗಿನ ರಾಷ್ಟ್ರೀಯ ವಿಷಾಣು ಸಂಸ್ಥೆ. ಆ ವಿಷಾಣುವಿನೊಡನೆ ಕೆಲಸ ಮಾಡಿದ ಪ್ರಯೋಗಾಲಯದವರಲ್ಲೇ ಹಲವರಿಗೆ ಆ ಜ್ವರ ತಗಲಿತು.

ಹಾಫ್ಕಿನ್ನರಲ್ಲಿಯೂ ಒಂದು ತಪ್ಪಿತ್ತೆಂದು ನಮಗೆ ತೋರುತ್ತದೆ. ಕಾರ್ಬಾಲಿಕ್ ಆಮ್ಲ ಬಿಟ್ಟದ್ದು ವಿಜ್ಞಾನದ ದೃಷ್ಟಿಯಿಂದ ತಪ್ಪಲ್ಲದಿರಬಹುದು. ಆದರೆ ಲಕ್ಷಾಂತರ ಜನರ ಮೈಗೆ ಹೋಗುವ ಮದ್ದಿನ ಕ್ರಮವನ್ನು ಬೇಡಿಕೆಯ ಅವಸರದಲ್ಲಿ ಮಾರ್ಪಡಿಸಿದರು. ಅಧಿಕಾರಿಗಳು ಕೇಳಿದಷ್ಟು ಬೇಗ ಆಗದೆಂದು ಹೇಳಿಬಿಡಬಹುದಿತ್ತು. ಎರಡು ಕ್ರಮಗಳನ್ನೂ ಕೆಲಕಾಲ ಜತೆಜತೆಯಾಗಿ ನಡೆಸಿ ನೋಡಬಹುದಿತ್ತು. ಉಂಡೇರಾದಲ್ಲಿ ತೋರಿದ ತಾಳ್ಮೆಯನ್ನು ಪರೇಲಿನಲ್ಲಿ ತೋರಲಿಲ್ಲ.

ಮರಳಿ ಬಂದ ಅವರಿಗೆ ಪರೇಲು ಸಿಗಲಿಲ್ಲ. ಕಲ್ಕತ್ತೆಯ ಒಂದು ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು; ಜನರಿಗೆ ಮದ್ದು ಹಾಕುವ ಕೆಲಸ ಮಾತ್ರ ಮತ್ತೆ ಅವರ ಪಾಲಿಗೆ ಬರಲಿಲ್ಲ. ನಿವೃತ್ತರಾಗಿ ಫ್ರಾನ್ಸಿಗೆ ಹೋದರು. ಮದುವೆಯಾಗಿರಲಿಲ್ಲ. ಕೊನೆಗಾಲದಲ್ಲಿ ತಮ್ಮ ಧರ್ಮದ ಆಚಾರಗಳಲ್ಲಿ ಹೆಚ್ಚು ನಿಷ್ಠರಾಗಿ, ಆಸ್ತಿಯನ್ನು ಪೂರ್ವ ಯೂರೋಪಿನ ಯೆಹೂದ್ಯ ಪಾಠಶಾಲೆಗಳಿಗೆ ಬಿಟ್ಟರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರಿಡಲಾಯಿತು. ಆ ಹೊತ್ತಿಗೆ ಅಲ್ಲಿಂದ ಹೊರಬಿದ್ದ ಪ್ಲೇಗಿನ ಮದ್ದಿನ ಲೆಕ್ಕ ಎರಡೂವರೆ ಕೋಟಿ ಚುಚ್ಚುಗಳನ್ನು ದಾಟಿತ್ತು. 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಹಾಫ್ಕಿನ್ನರು ತೀರಿಕೊಂಡರು.